ಮೈಕಣ್ಣ ಕೇಳಿಸಿಕೊಂಡ ಭಾಷಣ

ಸಭಾಂಗಣದ ಧ್ವನಿವರ್ಧಕಗಳನ್ನು ನೋಡಿಕೊಳ್ಳುವವನನ್ನು ಎಲ್ಲರೂ ಮೈಕಣ್ಣ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜಾಯಮಾನ ಅವನದಲ್ಲ. ಎಷ್ಟು ಭಾಷಣಗಳಿದ್ದರೂ ಅವನು ಕೇಳುತ್ತಿದ್ದುದು ದನಿಯನ್ನು, ಮಾತನ್ನಲ್ಲ.

ಆ ದಿನ ಮಾತು ಕಿವಿಗೆ ಬಿತ್ತು. ತಾಯಿ ಅನುಭವಿಸಿದ್ದು ಮಕ್ಕಳ ವಂಶವಾಹಿಗಳ ಮೇಲೆ ಹೇಗೆ ಗುರುತು ಬಿಡುತ್ತದೆಂದು ಹುಡುಕುವ ವಿಜ್ಞಾನಿಗಳ ಸಮ್ಮೇಳನ ಅದು. ನೆರೆಗೂದಲಿನ ವಿಜ್ಞಾನಿಯೊಬ್ಬರು ಹೇಳುತ್ತಿದ್ದರು: "ಗಬ್ಬವಾಗಿದ್ದಾಗ ಹೆದರಿದ ಇಲಿಗಳ ಮರಿಗಳು ಸಣ್ಣ ಸದ್ದಿಗೂ ಬೆಚ್ಚಿಬಿದ್ದವು. ಮರಿಗಳ ಮರಿಗಳೂ ಅಷ್ಟೇ."

ಮೈಕಣ್ಣನಿಗೆ ತನ್ನ ಮಗಳು ನೆನಪಾದಳು. ಹಿಂದೆ ಅವನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದಿತ್ತು. ಗಂಡ ಒಳಗೆ ಬದುಕಿದ್ದಾನೋ ಇಲ್ಲವೋ ತಿಳಿಯದೆ ತುಂಬು ಬಸುರಿ ಹೆಂಡತಿ ಸಂಜೆವರೆಗೂ ಗೇಟಿನ ಹೊರಗೆ ನಿಂತಿದ್ದಳು. ಆಮೇಲೆ ಹುಟ್ಟಿದ ಮಗಳು ಬಾಗಿಲು ಬಡಿದರೂ ಬೆಚ್ಚುವವಳು. ಈಗ ಅವಳೂ ಬಸುರಿ, ಮನೆ ಬೇರೆ ಕಬ್ಬಿಣ ಕತ್ತರಿಸುವ ಅಂಗಡಿಯ ಮೇಲೆ.

ಬಿಡುವಿನಲ್ಲಿ ವಿಜ್ಞಾನಿಯ ಸೆರಗಿನ ಮೈಕು ತೆಗೆದುಕೊಳ್ಳುತ್ತಾ ಎಲ್ಲವನ್ನೂ ಹೇಳಿಬಿಟ್ಟ.

"ಅದು ಇಲಿಗಳ ವಿಷಯ. ಮನುಷ್ಯರಲ್ಲಿ ಹಾಗೇ ಆಗುತ್ತೆ ಅಂತ ನಮಗಿನ್ನೂ ಗೊತ್ತಿಲ್ಲ," ಎಂದರು ಅವರು.

"ಗೊತ್ತಿಲ್ಲದ್ದನ್ನ ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲಾ, ಮೇಡಂ?"

"ಗಟ್ಟಿ ಮಾಡಿದ್ದು ನೀವೇ ಅಲ್ವಾ?" ಎಂದು ನಕ್ಕವರು, ಅವನ ಮುಖ ನೋಡಿ ದನಿ ತಗ್ಗಿಸಿದರು. "ನಿಮ್ಮ ಮಗಳ ವಿಷಯ ನಾನು ಹೇಳಲಾರೆ. ಆದ್ರೆ ಆ ಗುರುತುಗಳು ಹಣೆಬರಹ ಅಲ್ಲ. ಅಳಿಸಿಹೋಗೋದೂ ಉಂಟು."

ಕೆಲಸ ಮುಗಿದದ್ದೇ ತಡ, ಅವನು ಮಗಳ ಮನೆಗೆ ದೌಡಾಯಿಸಿದ. ಹೆಂಡತಿಯೂ ಅಲ್ಲೇ ಇದ್ದಳು.

"ಬಟ್ಟೆ ಕಟ್ಕೋ, ಹೆರಿಗೆವರೆಗೂ ನಮ್ಮ ಮನೇಲಿರು. ಈ ಸದ್ದು ಬೇಡ."

ಎಲ್ಲ ಕೇಳಿದ ಮಗಳು ರೇಗಿದಳು: "ನಾನೇನು ಇಲೀನಾ ಅಪ್ಪಾ? ಈ ಸದ್ದು ಅಭ್ಯಾಸವಾಗಿದೆ. ನೀವು ಹೀಗೆ ಅತ್ತಿಂದಿತ್ತ ಶತಪಥ ಹಾಕೋದು ನೋಡಿದ್ರೇ ನನಗೆ ಭಯ."

ಅವನು ಹೆಂಡತಿಯತ್ತ ತಿರುಗಿದ. "ಆ ದಿನ ನೀನು ಎಷ್ಟು ಹೆದರಿದ್ದೆ, ಹೇಳು ಇವಳಿಗೆ."

"ಹೆದರಿಕೆ ಎಲ್ಲಿಂದ ಬಂತು? ಸಿಟ್ಟು ಬಂದಿತ್ತು. ನಿಮ್ಮ ಮೈ ಬಿಸಿ ಇದೆ, ಕೆಲಸಕ್ಕೆ ಹೋಗಬೇಡಿ ಅಂತ ಬಡ್ಕೊಂಡಿದ್ದೆ, ಕೇಳಿದ್ರಾ?"

ಇಷ್ಟು ವರ್ಷ ಹೆಂಡತಿ ಇದನ್ನು ಹೇಳಿರಲಿಲ್ಲ. ನಿಜವೋ, ಮಗಳ ಸಮಾಧಾನಕ್ಕೋ, ಅವನಿಗೆ ತಿಳಿಯಲಿಲ್ಲ.

ಮಗಳು ಬರಲಿಲ್ಲ. ಹೆರಿಗೆ ಸುಸೂತ್ರವಾಗಿ ಆಯಿತು, ಗಂಡು ಮಗು. ನೋಡಲು ಹೋದ ದಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮಗು ಎರಡೂ ಕೈ ಚಾಚಿ ಬೆಚ್ಚಿತು.

"ಎಲ್ಲಾ ಕೂಸುಗಳೂ ಹೀಗೇ," ಎಂದು ಹೆಂಡತಿ ನಕ್ಕಳು. ಮಗಳೂ ನಕ್ಕಳು. ಮೈಕಣ್ಣನಿಗೆ ನಗು ಬರಲಿಲ್ಲ. ಮಗುವನ್ನು ಎದೆಗವಚಿಕೊಂಡು ಹಜಾರದ ಉದ್ದಕ್ಕೂ ನಡೆಯತೊಡಗಿದ.