ಕಪ್ಪು ಬಿಳುಪಿನ ಬದನೇಕಾಯಿ ಬಣ್ಣ

ಆತನ ತುಟಿಗಳ ನಡುವೆ ಯಾವಾಗಲೂ ನಾಲ್ಕು ಗುಂಡುಸೂಜಿಗಳಿರುತ್ತಿದ್ದವು. ಮೊನೆ ಒಳಗೆ, ತಲೆ ಹೊರಗೆ. ಮಾತು ಬಾಯಿಯ ಎಡಮೂಲೆಯಿಂದ ಹೊರಡುತ್ತಿತ್ತು, ಅದಕ್ಕೇ ಏನು ಹೇಳಿದರೂ ಉಗುಳಿದಂತೆ ಕೇಳುತ್ತಿತ್ತು. ನಮ್ಮನ್ನು ಬೈಯುವುದಕ್ಕಾಗಿ ಆತ ಸೂಜಿ ತೆಗೆದಿಡುವ ಕಷ್ಟ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಅಷ್ಟು ಬೆಲೆಯ ಜನ ನಾವಲ್ಲ.

ಅಕ್ಕ ಇದನ್ನು ಒಪ್ಪುವುದಿಲ್ಲ. ‘ಸೂಜಿ ಎಲ್ಲಿತ್ತೋ, ಅದು ಬೀಡಿ ಕಣೋ’ ಎನ್ನುತ್ತಾಳೆ. ಇರಬಹುದು. ನೆನಪನ್ನು ನಾನು ನಂಬುವವನಲ್ಲ. ಅದು ಬೇಕಾದ ಕಡೆ ಬಿಗಿ ಹಿಡಿದು, ಬೇಡವಾದದ್ದನ್ನು ಒಳಕ್ಕೆ ಮಡಿಸಿ ಹೊಲಿದುಬಿಡುತ್ತದೆ. ಆದರೂ ಸೂಜಿಗಳನ್ನು ಬಿಟ್ಟುಕೊಡಲಾರೆ. ಅವಿಲ್ಲದೆ ಆತನ ಮುಖವೇ ನನಗೆ ಕಾಣುವುದಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಮುಗಿಯುವ ಕಡೆ ಒಂದು ಸಣ್ಣ ರಸ್ತೆ, ಅದರ ತುದಿಯಲ್ಲಿ ಆತನ ಅಂಗಡಿ. ಒಂದು ಹೊಲಿಗೆ ಮಿಷನ್ನು, ಒಂದು ನಿಲುವುಗನ್ನಡಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ನಾವೆಲ್ಲ ‘ಟೈಲರಣ್ಣ’ ಎನ್ನುತ್ತಿದ್ದೆವು. ಆತ ನಮ್ಮೆಲ್ಲರನ್ನೂ ‘ಹೀರೋ’ ಎನ್ನುತ್ತಿದ್ದ.

‘ರಾರಾ ಹೀರೋ, ಸೊಂಟ ಎಲ್ಲೈತೆ ತೋರ್ಸು. ಇದೇನಾ? ನಾನು ಬೆನ್ನುಮೂಳೆ ಅನ್ಕೊಂಡೆ.’

ಅಳತೆಯನ್ನು ಮಾತ್ರ ತೆಲುಗಿನಲ್ಲಿ ಕೂಗಿಕೊಳ್ಳುತ್ತಿದ್ದ. ‘ನಡುಮು ಇರವೈ ನಾಲುಗು’ ಎಂದು ನನ್ನ ಇಪ್ಪತ್ತನಾಲ್ಕು ಇಂಚಿನ ಸೊಂಟವನ್ನು ಇಡೀ ರಸ್ತೆಗೆ ಸಾರುತ್ತಿದ್ದ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಈಗ ನನ್ನ ವಯಸ್ಸಿನ ಗೆಳೆಯರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು, ಮೊಮ್ಮಕ್ಕಳು ಪರದೆ ನೋಡಿ ಕೆಟ್ಟರು, ನಾವು ಹಾಗಿರಲಿಲ್ಲ, ನಮಗೆ ನಮ್ಮದೇ ಬುದ್ಧಿಯಿತ್ತು ಎಂದು ನಿಟ್ಟುಸಿರು ಬಿಡುತ್ತಾರೆ. ಸುಳ್ಳು. ನಮಗಿದ್ದದ್ದು ಊರಾಚೆಯ ಒಂದು ಟೆಂಟು ಸಿನಿಮಾ, ಪಾರ್ಕಿನ ಕಂಬದ ರೇಡಿಯೋ, ಕೈಯಿಂದ ಕೈಗೆ ದಾಟಿ ಎಣ್ಣೆಗಟ್ಟಿದ ಹಾಡಿನ ಪುಸ್ತಕ. ಅಷ್ಟೇ ಸಾಮಗ್ರಿಯಲ್ಲಿ ನಾವು ಎಷ್ಟು ಸಂಪೂರ್ಣವಾಗಿ ಮೂರ್ಖರಾಗಿದ್ದೆವೆಂದರೆ, ಹೆಚ್ಚಿನ ಸೌಕರ್ಯ ಕೊಟ್ಟಿದ್ದರೂ ಅದಕ್ಕಿಂತ ಮುಂದೆ ಹೋಗುವುದು ಸಾಧ್ಯವಿರಲಿಲ್ಲ. ನಾಯಕ ಎಡಗೈ ಜೇಬಿನಲ್ಲಿಟ್ಟು ನಡೆದರೆ ಮರುದಿನ ಹೈಸ್ಕೂಲಿನ ನಮ್ಮ ಇಡೀ ತರಗತಿಗೆ ಎಡಗೈ ಇರುತ್ತಿರಲಿಲ್ಲ. ನಾಯಕ ತಾಯಿಯನ್ನು ಬಿಟ್ಟು ಹೋದರೆ ನಾವು ನಮ್ಮ ಅಮ್ಮಂದಿರನ್ನು ಕರುಣೆಯಿಂದ ನೋಡುತ್ತಿದ್ದೆವು. ಅಮ್ಮ ಮುದ್ದೆ ತೊಳಸುತ್ತ ‘ಏನೋ, ಹೊಟ್ಟೆನೋವಾ?’ ಎಂದು ಕೇಳುತ್ತಿದ್ದಳು.

ಟೈಲರಣ್ಣ ಪ್ರತಿ ಹೊಸ ಚಿತ್ರದ ಮೊದಲ ದಿನ, ಮೊದಲ ಆಟಕ್ಕೆ ಹೋಗುತ್ತಿದ್ದ. ನೆಲದಲ್ಲಿ, ಪರದೆಗೆ ಮೂಗು ತಾಗುವಷ್ಟು ಮುಂದೆ ಕೂರುತ್ತಿದ್ದ. ಕಥೆ ನೋಡುತ್ತಿರಲಿಲ್ಲ. ಕಾಲರು, ಪಟ್ಟಿ, ಗುಂಡಿ, ಪ್ಯಾಂಟಿನ ಕೆಳಗಿನ ಅಗಲ ನೋಡುತ್ತಿದ್ದ. ಇಂಟರ್‌ವಲ್ ಆದ ಕೂಡಲೇ ಎದ್ದು ಬಂದುಬಿಡುತ್ತಿದ್ದ.

‘ಆಮೇಲೆ ಎಲ್ಲಾ ಬರೀ ಅಳೋದು ಕಣಪ್ಪಾ. ಅಳೋವಾಗ ಯಾರೂ ಹೊಸ ಬಟ್ಟೆ ಹಾಕ್ಕೊಳಲ್ಲ.’

ಹೀಗೆ ನೂರಾರು ಚಿತ್ರಗಳ ಅರ್ಧ ಕಥೆ ಆತನಿಗೆ ಗೊತ್ತಿತ್ತು. ಯಾರು ಸತ್ತರು, ಯಾರು ಮದುವೆಯಾದರು ಎಂದು ಎಂದೂ ಕೇಳಿದವನಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ನಾವು. ನಮಗೆ ಬೇಕಾಗಿದ್ದದ್ದು ಒಂದೇ: ಬಣ್ಣ. ಚಿತ್ರವೇನೋ ಕಪ್ಪು ಬಿಳುಪು. ಪೋಸ್ಟರನ್ನು ನಂಬೋಣವೆಂದರೆ ಅದರಲ್ಲಿ ನಾಯಕನ ಮುಖವೇ ನೀಲಿ. ‘ಪೋಸ್ಟರ್ ಬರೆಯೋನು ಸಿನಿಮಾ ನೋಡಿರ್ತಾನಾ?’ ಎಂದು ಆತನೇ ಅದನ್ನು ತಳ್ಳಿಹಾಕಿದ್ದ. ನಂತರ ಕಣ್ಣು ಅರೆಮುಚ್ಚಿ, ನಾಲ್ಕು ಸೂಜಿಗಳ ಪಕ್ಕದಿಂದ, ತೀರ್ಪು ಕೊಡುತ್ತಿದ್ದ. ಒಂದು ಸಲ ಹೇಳಿದ: ‘ಬದನೇಕಾಯಿ ಬಣ್ಣ.’

ಯಾರೂ ಹೇಗೆ ಗೊತ್ತು ಎಂದು ಕೇಳಲಿಲ್ಲ. ಎರಡು ವಾರದಲ್ಲಿ ಶಿಡ್ಲಘಟ್ಟದಲ್ಲಿ ಮೀಸೆ ಮೂಡುತ್ತಿದ್ದ ಪ್ರತಿಯೊಬ್ಬನ ಮೈಮೇಲೂ ಬದನೇಕಾಯಿ ಬಣ್ಣದ ಪಾಪ್ಲಿನ್ ಷರಟು. ನನ್ನದರ ಕಂಕುಳಲ್ಲಿ ಬಣ್ಣ ಇಳಿದು ಮೈ ಕೂಡ ಬದನೇಕಾಯಿಯಾಯಿತು. ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆ.

ಅದೇ ತಿಂಗಳು ಚಿಂತಾಮಣಿಗೆ ವಾಲಿಬಾಲ್ ಪಂದ್ಯಕ್ಕೆ ಹೋದೆವು. ಅಲ್ಲಿನ ಹುಡುಗರು ಅದೇ ಕಾಲರಿನ, ಅದೇ ಪಟ್ಟಿಯ ಷರಟು ಹಾಕಿದ್ದರು. ಬಣ್ಣ ಮಾತ್ರ ಸಾಸಿವೆಯ ಹಳದಿ. ಅವರ ಟೈಲರು ಅವರಿಗೆ ಹಾಗೆ ಹೇಳಿದ್ದ.

‘ಏನ್ರೋ ಇದು, ಬದನೇಕಾಯಿ ಮಂಡಿಗೆ ಬಂದಿದ್ದೀರಾ?’ ಎಂದ ಅವರಲ್ಲೊಬ್ಬ.

‘ನೀವು ಕಾಮಾಲೆ ಆಸ್ಪತ್ರೆಯಿಂದ ಎದ್ದು ಬಂದ್ರಾ?’ ಎಂದ ನಮ್ಮವನೊಬ್ಬ.

ಪಂದ್ಯ ಶುರುವಾಗಲೇ ಇಲ್ಲ. ನಮ್ಮ ಕ್ಯಾಪ್ಟನ್ನಿನ ಮುಂದಿನ ಹಲ್ಲು ಹೋಯಿತು. ಕಪ್ಪು ಬಿಳುಪು ಚಿತ್ರದ ಬಣ್ಣಕ್ಕಾಗಿ ರಕ್ತ ಸುರಿಸಿದ ಜನ ನಾವು. ಪಾರ್ಕಿನ ಕಲ್ಲುಬೆಂಚಿನವರಲ್ಲಿ ಇಬ್ಬರು ಆ ಜಗಳದಲ್ಲಿದ್ದರು. ಕೇಳಿದರೆ ‘ಅದು ಊರಿನ ಮರ್ಯಾದೆಯ ಪ್ರಶ್ನೆ’ ಎನ್ನುತ್ತಾರೆ.

ಇಷ್ಟೇ ಆಗಿದ್ದರೆ ಆತನ ಬಗ್ಗೆ ಬರೆಯಬೇಕಿರಲಿಲ್ಲ.

ಅಕ್ಕ ಆಗ ಎಸ್ಸೆಸ್ಸೆಲ್ಸಿ. ನಾನು ಅವಳಿಗಿಂತ ಒಂದು ತರಗತಿ ಹಿಂದೆ, ಬುದ್ಧಿಯಲ್ಲಿ ಇನ್ನೂ ಹಿಂದೆ. ಅಪ್ಪ ಮಂಡಿಕಲ್ ಕಡೆಯಿಂದ ಬಂದು ಗೂಡಿನ ವ್ಯಾಪಾರಕ್ಕೆ ನಿಂತವರು. ಮಗಳನ್ನು ಓದಿಸುತ್ತಿರುವುದು ತಾವು ಮಾಡುತ್ತಿರುವ ದೊಡ್ಡ ಧಾರಾಳವೆಂದು ತಿಳಿದಿದ್ದರು. ಅದಕ್ಕೊಂದು ಷರತ್ತಿತ್ತು: ‘ಸಿನಿಮಾ ಗಾಳಿ ಸೋಕ್ತು ಅಂತ ಗೊತ್ತಾದ ದಿನ ಸ್ಕೂಲು ಬಂದ್.’ ಬಂದ್ ಆದರೆ ಮುಂದೇನೆಂಬುದೂ ತೀರ್ಮಾನವಾಗಿತ್ತು. ತೊಂಡೇಬಾವಿಯ ಕಡೆಯಿಂದ ಒಂದು ಸಂಬಂಧ ಬಂದು, ಉತ್ತರಕ್ಕಾಗಿ ಕಾಯುತ್ತಿತ್ತು.

ಬದನೇಕಾಯಿ ಷರಟಿನ ಚಿತ್ರದಲ್ಲಿ ನಾಯಕಿಯ ರವಿಕೆಯ ತೋಳಿನ ಅಂಚಿಗೆ ಒಂದು ಪುಟ್ಟ ಗಂಟಿತ್ತು. ಟೈಲರಣ್ಣ ಅದರ ಬಣ್ಣವನ್ನೂ ಸಾರಿದ್ದ: ಗಿಳಿಹಸಿರು. ಅಕ್ಕ, ಅವಳ ತರಗತಿಯ ಇನ್ನಿಬ್ಬರು ಅದನ್ನು ಹೊಲಿಸಿಕೊಂಡರು. ಅವರು ಯಾರೂ ಟೆಂಟಿನೊಳಗೆ ಕಾಲಿಟ್ಟವರಲ್ಲ. ಅರ್ಧ ಚಿತ್ರ ನೋಡಿದವನ ಬಾಯಿಮಾತಿನಿಂದ, ನೋಡೇ ಇಲ್ಲದ ನಾಯಕಿಯಾಗಲು ಹೊರಟಿದ್ದರು. ಅಕ್ಕನನ್ನು ನಾನು ಇದರಿಂದ ಬಿಡಿಸಲಾರೆ. ಅವಳೂ ನಮ್ಮ ಹಾಗೆಯೇ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ನನ್ನ ಷರಟು ಹಿಡಿದು ಎಳೆದರು. ‘ಯಾವನೋ ಇದನ್ನ ಹೊಲಿದೋನು? ಬಯಲಾಟದ ಕೋಡಂಗಿ ಥರಾ!’ ಹೊಡೆಯಲು ಕೈ ಎತ್ತಿದರು. ಆ ಕೈ ನನ್ನ ಮೇಲೆ ಬೀಳದಿರಲಿ ಎಂದು ನಾನು ಹೇಳಿದೆ:

‘ನಂಗ್ಯಾಕೆ ಹೊಡೀತೀರ? ಅಕ್ಕಾನೂ ಸಿನಿಮಾದವಳ ರವಿಕೆ ಹೊಲಿಸ್ಕೊಂಡವ್ಳೆ!’

ಈ ಮಾತನ್ನು ನೆನಪು ಒಳಕ್ಕೆ ಮಡಿಸಲು ಎಷ್ಟೋ ಸಲ ನೋಡಿದೆ. ಆಗಲಿಲ್ಲ. ಅಪ್ಪ ಕೈ ಇಳಿಸಿದರು. ಒಳಗೆ ಹೋಗಿ ರವಿಕೆ ಹುಡುಕಿ ತಂದರು. ‘ನಾಳೆಯಿಂದ ಸ್ಕೂಲಿಲ್ಲ’ ಎಂದರು. ಪರೀಕ್ಷೆಗೆ ಮೂರು ತಿಂಗಳಿತ್ತು. ಅಕ್ಕ ಅಳಲಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ಚೌಕವಾಗಿದೆಯೇ ಎಂದು ನೋಡಿ, ಮತ್ತೆ ಜೋಡಿಸಿದಳು.

ಅಪ್ಪನ ಕೋಪಕ್ಕೆ ಅಷ್ಟು ಸಾಲಲಿಲ್ಲ. ರವಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಟೈಲರಣ್ಣನ ಅಂಗಡಿಗೆ ನಡೆದರು. ಹಿಂದೆ ನಾನು. ಹಿಂದಿನ ಸಂಜೆಯಷ್ಟೇ ಹೊಸ ಚಿತ್ರ ಬಂದಿತ್ತು. ಬಣ್ಣದ ತೀರ್ಪಿಗಾಗಿ ಅಂಗಡಿಯ ಮುಂದೆ ಹತ್ತು ಹನ್ನೆರಡು ಹುಡುಗರು ಕಾದಿದ್ದರು. ಎಲ್ಲರೂ ಬದನೇಕಾಯಿ.

ಅಪ್ಪ ರವಿಕೆಯನ್ನು ಮಿಷನ್ನಿನ ಮೇಲೆ ಎಸೆದರು. ‘ಏನಯ್ಯಾ, ಇದು ಸಿನಿಮಾದವಳ ರವಿಕೆ ತಾನೆ? ನಿಜ ಹೇಳು. ನನ್ ಮಗಳ ಸ್ಕೂಲು ಬಿಡಿಸಿದ್ದೀನಿ.’

ಟೈಲರಣ್ಣ ರವಿಕೆಯನ್ನು ನೋಡಿದ. ನನ್ನನ್ನು ನೋಡಿದ. ಯಾರು ಹೇಳಿದ್ದೆಂದು ಆತನಿಗೆ ಗೊತ್ತಾಯಿತು. ಕಾದು ನಿಂತ ಹುಡುಗರನ್ನೂ ಒಮ್ಮೆ ನೋಡಿದ. ಆಮೇಲೆ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಪಟ್ಟಿಗೆ ಚುಚ್ಚಿಕೊಂಡ. ನಾಲ್ಕೂ. ಆತನ ಬರಿಯ ಬಾಯಿಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಸಾಧಾರಣ, ಸ್ವಲ್ಪ ಜೋಲುತುಟಿಯ ಬಾಯಿ.

‘ಯಜಮಾನ್ರೇ, ಆ ಸಿನಿಮಾದಲ್ಲಿ ಬಣ್ಣ ಎಲ್ಲೈತೆ? ಬರೀ ಕಪ್ಪು, ಬಿಳುಪು. ಆಯಮ್ಮನ ರವಿಕೆ ಯಾವ ಬಣ್ಣ ಅಂತ ಆಯಮ್ಮಂಗೇ ಗೊತ್ತು. ಈ ಹಸಿರು ನನ್ ಬೀರೂನಲ್ಲಿ ಎರಡು ವರ್ಷದಿಂದ ಬಿದ್ದಿದ್ದ ಕಟ್‌ಪೀಸು. ಯಾರೂ ತಗೊಂತಿರಲಿಲ್ಲ, ಸಿನಿಮಾ ಹೆಸರು ಹೇಳಿ ಸಾಗಾಕ್ದೆ.’

‘ಮತ್ತೆ ತೋಳಲ್ಲಿ ಗಂಟು?’

‘ಬಟ್ಟೆ ಸಾಲ್ಲಿಲ್ಲ ಸ್ವಾಮಿ. ಎರಡು ಬೆರಳು ಕಮ್ಮಿ ಬಂತು. ಜೋಡು ಹಾಕಿ ಗಂಟು ಕಟ್ದೆ. ತಪ್ಪು ನಂದು, ಮಗೂದಲ್ಲ.’

ಗಂಟಿನ ಮಾತು ಹಸಿ ಸುಳ್ಳು. ಪರದೆಯ ಮೇಲೆ ಅದನ್ನು ನಾನೇ ನೋಡಿದ್ದೆ. ಆದರೆ ಬಣ್ಣದ ಮಾತು ನಿಜ, ಹುಡುಗರ ಕಿವಿಗೆ ಬಿದ್ದದ್ದು ಅದು.

ಹಲ್ಲು ಕಳೆದುಕೊಂಡ ಕ್ಯಾಪ್ಟನ್ ಮುಂದೆ ಬಂದ. ‘ಟೈಲರಣ್ಣಾ, ಹಂಗಾದ್ರೆ ಬದನೇಕಾಯಿ ಬಣ್ಣ?’

‘ಅದೂ ಅಷ್ಟೇ ಕಣಪ್ಪಾ ಹೀರೋ. ಚಿಕ್ಕಪೇಟೇಲಿ ಗಂಟುಗಟ್ಟಲೆ ಬಿದ್ದಿತ್ತು.’

ಅಪ್ಪ ಮೊದಲು ಕ್ಯಾಪ್ಟನ್ನಿನ ಷರಟು ನೋಡಿದರು. ಆಮೇಲೆ ಸಾಲಾಗಿ ನಿಂತ ಹನ್ನೆರಡು ಬದನೇಕಾಯಿಗಳನ್ನು, ಕೊನೆಗೆ ನನ್ನನ್ನು ನೋಡಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಹುಡುಗರನ್ನು ಒಟ್ಟಿಗೆ ತಿರಸ್ಕರಿಸುವ ಸುಖ ಸಿಕ್ಕ ಮೇಲೆ ಮಗಳ ಮೇಲಿನ ಕೋಪ ಅವರಿಗೆ ರುಚಿಸಲಿಲ್ಲ. ಮನೆಗೆ ಬಂದು ರವಿಕೆಯನ್ನು ಅಕ್ಕನ ಪುಸ್ತಕಗಳ ಮೇಲೆ ಹಾಕಿ, ‘ಬಟ್ಟೆ ಸಾಲ್ದಿದ್ರೆ ನನ್ನ ಕೇಳ್ಬಾರದಿತ್ತೇನಮ್ಮಾ’ ಎಂದರು. ಅಷ್ಟೇ. ಮರುದಿನ ಅಕ್ಕ ಸ್ಕೂಲಿಗೆ ಹೋದಳು.

ಟೈಲರಣ್ಣನ ಅಂಗಡಿಗೆ ಹುಡುಗರು ಮತ್ತೆ ಹೋಗಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ. ಸುಳ್ಳನ್ನು ನಾವು ಇಷ್ಟಪಟ್ಟಿದ್ದೆವು. ಅದನ್ನು ಕಿತ್ತುಕೊಂಡದ್ದಕ್ಕೆ. ತಿಂಗಳೊಳಗೆ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಬ್ಬ ಟೈಲರು ಸಿಕ್ಕಿದ. ನಾಯಕನ ಷರಟನ್ನು ಮದರಾಸಿನಲ್ಲಿ ಕಣ್ಣಾರೆ ಕಂಡ ಭಾವಮೈದ ಅವನಿಗಿದ್ದನಂತೆ. ಬಣ್ಣ ತಾಮ್ರದ್ದು ಎಂದ. ನಾವೆಲ್ಲ ತಾಮ್ರವಾದೆವು. ಹೌದು, ನಾನೂ.

ಟೈಲರಣ್ಣ ದಿಂಬಿನ ಚೀಲ, ಪಟ್ಟಾಪಟ್ಟಿ ಚಡ್ಡಿ, ಗೂಡು ತುಂಬುವ ಚೀಲ ಹೊಲಿಯತೊಡಗಿದ. ಒಮ್ಮೆ ಹರಿದ ಜೇಬು ಹೊಲಿಸುವ ನೆಪದಲ್ಲಿ ಹೋಗಿ, ಯಾರೂ ಇಲ್ಲದ್ದನ್ನು ನೋಡಿ ಕೇಳಿದೆ: ‘ಅವತ್ತು ಯಾಕೆ ಹಂಗೆ ಹೇಳಿದ್ರಿ ಟೈಲರಣ್ಣಾ?’

ಚೆನ್ನಾಗಿ ಬರೆಯುವವರು ಇಲ್ಲಿ ಆತನ ಬಾಯಿಗೆ ಒಂದು ಒಳ್ಳೆಯ ಮಾತು ಹಾಕುತ್ತಾರೆ. ನಾನೂ ಮೂರು ನಾಲ್ಕು ಹಾಕಿ ನೋಡಿ ತೆಗೆದಿದ್ದೇನೆ. ಆತ ಹೇಳಿದ್ದು ಇಷ್ಟು:

‘ಜೇಬು ಒಳಗಡೆ ಹರಿದೈತೋ, ಹೊರಗಡೆನೋ?’

ಆತ ಸತ್ತದ್ದು ದಶಕದ ಕೊನೆಯಲ್ಲಿ. ಆ ಹೊತ್ತಿನಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿ, ಬೇರೆಯವನು ಹೊಲಿದ ಪ್ಯಾಂಟು ಹಾಕಿ, ಹೊಸ ಚಿತ್ರದ ಟಿಕೇಟಿಗೆ ಸಾಲಿನಲ್ಲಿ ನಿಂತಿದ್ದೆ. ಸುದ್ದಿ ಸಾಲಿನಲ್ಲೇ ತಿಳಿಯಿತು. ಸಾಲು ಬಿಡಲಿಲ್ಲ. ಗೌರಿಬಿದನೂರಿನಲ್ಲಿ ಟೀಚರಾಗಿದ್ದ ಅಕ್ಕ ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದು ಮುಖ ನೋಡಿ ಹೋದಳು.

ಅವಳ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ಈಗ ನನ್ನ ಮೇಜಿನ ಮೇಲಿದೆ. ಎರಡನೆಯ ಸಾಲು, ಎಡದಿಂದ ಮೂರನೆಯವಳು, ತೋಳಿನ ಅಂಚಿಗೆ ಗಂಟಿನ ರವಿಕೆ. ನಾನು ಗಿಳಿಹಸಿರು ಎನ್ನುತ್ತೇನೆ. ಅಕ್ಕ, ‘ಹಸಿರು ಅಂತ ಯಾರೋ ಹೇಳಿದ್ದು? ನವಿಲುನೀಲಿ ಕಣೋ’ ಎನ್ನುತ್ತಾಳೆ. ಫೋಟೋದಲ್ಲಿ ಅದು ಬೂದು. ಕಣ್ಣು ಅರೆಮುಚ್ಚಿ, ಒಂದಿಷ್ಟೂ ಅನುಮಾನವಿಲ್ಲದೆ, ಇದೇ ಬಣ್ಣ ಎಂದು ಹೇಳಿಬಿಡುವವನು ಒಬ್ಬನಿದ್ದ. ಇವತ್ತು ಬಂದು ಹೇಳಿದರೆ, ಈ ವಯಸ್ಸಿನಲ್ಲೂ ನಂಬಿಬಿಡುತ್ತೇನೆ.