ಹಿಮದಾಗ ಅಪ್ಪನ ಹತ್ತಿ

ಇಲ್ಲ ಅಣ್ಣಾ, ಹಳೇ ಕಂಪ್ಯೂಟರ್ ಗುಜರಿಗೆ, ಭಂಗಾರಕ್ಕ ಹಾಕು ಅಂತ ಜೋಗೇಶ್ವರಿಯಿಂದ ಫೋನ್ ಮಾಡಿ ಹೇಳೂದು ನಿನಗ ಸಸಾರ. ಇವತ್ತ ಧೂಳ ಒರಸಿ ಚಾಲೂ ಮಾಡಿದೆ. ಕಾದ ಫ್ಯಾನಿನ ವಾಸನಿ ಬಂತು ನೋಡು, ಈ ಭಾಂಡುಪ್ ಚಾಳಿನ್ಯಾಗ ಅಪ್ಪ ನನ್ನ ಮಗ್ಗಲಕ್ಕ ಬಂದು ಕುಂತಂಗಾತು.

ಆವಾಗ ಪವಾಯಿದಾಗ ಗೌಂಡಿ ಕೆಲಸ ಮುಗಿಸಿ ಬಂದು, ಅಂಗೈಯಾಗ ತಂಬಾಕು ತಿಕ್ಕೋತ ನನ್ನ ಗೇಮ್ ನೋಡಾಂವ. ಬ್ಲಾಕ್ ಜೋಡಿಸಿ ಊರು ಕಟ್ಟೋ ಗೇಮ್ ಅದು. ನನ್ನ ಊರ ತುಂಬ ಹಿಮ ಇತ್ತು.

"ಇದೇನಲೇ, ಎಲ್ಲಾ ಬೆಳ್ಳಗ? ಜ್ವಾಳ ಕೊಯ್ದ ಹೊಲದ ಬಣ್ಣ ಹಚ್ಚು."

ಗೇಮಿನೊಳಗ ಅದು ಆಗಂಗಿಲ್ಲ. ಮ್ಯಾಪ್ ಎಡಿಟರ್ ಅಂತ ಬ್ಯಾರೇ ಸಾಫ್ಟ್‌ವೇರ್‌ನಾಗ ನನ್ನ ಊರಿನ ಫೈಲ್ ತೆರದು, ಹಿಮದ ಬಯೋಮ್, ಅಂದ್ರ ಆ ನೆಲ-ಹವಾದ ನಮೂನಿ, ಬದಲಿ ಮಾಡಿ ಒಣ ಬಯಲಿಂದು ಹಾಕಿದೆ. ಹುಲ್ಲೇನೋ ಹಳದಿ ಆತು, ಆದ್ರ ಮೊದಲ ಬಿದ್ದಿದ್ದ ಹಿಮ ಹಂಗ ಉಳೀತು. ಅದನ್ನ ಬ್ಯಾರೇನ ಅಳಸಬೇಕಂತ ನನಗ ಗೊತ್ತಿದ್ದಿಲ್ಲ. ಅಳಸಾಕ ಹೋದ್ರ ಅಪ್ಪ ಕೈ ಹಿಡದ.

"ಇರ್ಲಿ ಬಿಡೋ ಹುಚ್ಚಾ, ಹತ್ತಿ ಒಡದೈತಿ!"

ಅಪ್ಪ ತೀರಕೊಂಡು ಹೋದ. ಆ ಹತ್ತಿ ಇನ್ನೂ ಹೊಲದಾಗ ಐತಿ, ಈಗ ಗೇಮ್ ತೆರದು ನೋಡಿದೆ.

ಭಂಗಾರದಾಂವ ಕೆಳಗ ಕೂಗಾಕತ್ತಾನ. ಕಂಪ್ಯೂಟರಿನ ಡಬ್ಬಿ ಅವಂಗ ಕೊಡತೀನಿ ಅಣ್ಣಾ. ಆ ಊರು ಇರೋ ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ಕಿಸೇದಾಗ ಇಟಗೊಂಡೀನಿ. ಡಬ್ಬಿ ಎತಗೊಂಡು ಹೊರಗ ಬಂದೆ, ಬಾಗಲಾ ಹಾಕಿದೆ.