ಗಟಾರದಾಚೆಯ ಸೋಲಾಪುರ

ಇದೆಲ್ಲ ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಅರ್ಧ ನನ್ನ ಕಲ್ಪನೆಯೂ ಇರಬಹುದು.

ಸಿಂದಗಿಯ ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನದ ಮಾಸ್ತರರು ನಕಾಶೆಯನ್ನು ಬಯಲಿನಲ್ಲೇ ಸುಣ್ಣದ ಗೆರೆ ಎಳೆದು ಕಲಿಸುತ್ತಿದ್ದರು. ಬಿಸಿಯೂಟದ ತಟ್ಟೆ ತೊಳೆದ ನೀರಿನ ಗಟಾರವೇ ಭೀಮಾ ನದಿ. ಆಚೆ ಮಹಾರಾಷ್ಟ್ರ, ಈಚೆ ಒಂದೊಂದು ಊರಾಗಿ ನಾವು. "ಗಟಾರ, ಭೀಮಾ ಎರಡೂ ಆಗ್ನೇಯಕ್ಕ ಹರಿತಾವು. ನಂಬಬ್ಯಾಡ್ರಿ, ನಿಂತು ನೋಡ್ರಿ" ಎನ್ನುತ್ತ ಸುಣ್ಣದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. ಏನು ಕೇಳಿದರೂ ಅದೇ ಮಾತು: "ನಿಂತು ನೋಡ್ರಿ."

ಮಕ್ಕಳನ್ನು ಬಿಸಿಲಲ್ಲಿ ಆಡಿಸುತ್ತಾರೆಂದು ಯಾರೋ ದೂರು ಕೊಟ್ಟರು. ಬಯಲಿನ ಪಾಠ ನಿಲ್ಲಿಸಲೆಂದೇ ಶಿಕ್ಷಣ ಇಲಾಖೆಯ ಸಾಹೇಬರು ಬಂದು, ಗಟಾರದಾಚೆ ನಿಂತು ಗದರಿದರು:

"ಮುದ್ದೇಬಿಹಾಳ ಎಲ್ಲೈತಿ?"

"ನಾನ ರೀ, ಸರ್!" ಎಂದ ಒಬ್ಬ.

"ಮತ್ತ ನಾ ಎಲ್ಲಿ ಅದೇನಿ?"

"ಸೋಲಾಪುರದಾಗ ಅದೀರಿ. ಅಲ್ಲಿ ನಿಮ್ದು ನಡ್ಯಾಂಗಿಲ್ರಿ" ಎಂದಳು ಬಾಗೇವಾಡಿಯಾಗಿ ನಿಂತ ಹುಡುಗಿ. ಅಥವಾ ನಾನೇ ಅಂದೆನೋ.

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ತಮ್ಮ ಬೂಟು ನೋಡಿಕೊಂಡು, ಪ್ಯಾಂಟು ಎತ್ತಿ ಹಿಡಿದು ಗಟಾರ ಜಿಗಿದರು.

"ಈಗರೆ ನಡೀತೈತೇನವಾ? ಹ್ಞೂಂ, ಪಾಠ ಮುಂದುವರಸ್ರಿ ಮಾಸ್ತರ."

ಗಟಾರ ನದಿಯ ದಿಕ್ಕಿಗೇ ಹರಿಯುತ್ತಿತ್ತೆಂಬುದನ್ನು ಮಾತ್ರ ನಾನೆಂದೂ ನಂಬಿರಲಿಲ್ಲ. ಮೊನ್ನೆ ಆ ಶಾಲೆಗೆ ಹೋದಾಗ ಮೊಬೈಲಿನ ದಿಕ್ಸೂಚಿ ಹಿಡಿದು, ನಿಂತು ನೋಡಿದೆ. ಆಗ್ನೇಯಕ್ಕೇ ಹರಿಯುತ್ತಿದೆ.